ಗೆರೆಯ ಹಿಂದಂಚು

ಮೂವತ್ತೊಂದು ವರ್ಷ ವರ್ಲಿನ್ ಟ್ವೀಟನ್ ಹಾಲ್ಬರ್ಗ್ ಕಾಲೇಜಿನ ಫುಟ್‌ಬಾಲ್ ಆಟವನ್ನು ಗೆರೆಯ ಪಕ್ಕದಲ್ಲೇ ನಿಂತು ನೋಡಿದ. ಒಂದೇ ಒಂದು ಸಲವೂ ಚಪ್ಪಾಳೆ ತಟ್ಟಲಿಲ್ಲ. ಮನಸ್ಸಿಲ್ಲದೆ ಅಲ್ಲ, ತಟ್ಟುವಂತಿರಲಿಲ್ಲ. ಅವನು ಆಟದ ಅಳತೆ ಹಿಡಿಯುವ ಸರಪಳಿಯವರ ಪೈಕಿ. ನಮ್ಮೂರು ಬ್ರ್ಯಾಂಡ್ಸ್‌ಬಿಯಲ್ಲೇ ಹುಟ್ಟಿ ಬೆಳೆದು, ಕಾಲೇಜಿನ ಬಾವುಟವನ್ನು ಮನೆ ಮುಂದೆ ಏರಿಸುವ ಮನುಷ್ಯ, ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಆ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಕೂಡಲೇ ಯಾರ ಕಡೆಯವನೂ ಅಲ್ಲ. ಅದೂ ಸಾಲದೆಂಬಂತೆ ಸರಪಳಿಯವರು ನಿಲ್ಲಬೇಕಾದ್ದು ಎದುರಾಳಿ ಹುಡುಗರ ಮಗ್ಗುಲಲ್ಲಿ. ಪರ ಊರಿನವರು ನಮ್ಮ ಹುಡುಗರನ್ನು ಬಾಯಿಗೆ ಬಂದಂತೆ ಬೈದದ್ದನ್ನೆಲ್ಲ ಕಿವಿಗೆ ಹಾಕಿಕೊಂಡು, ಮುಖದಲ್ಲಿ ಏನೂ ತೋರಿಸದೆ ನಿಂತ ಪುಣ್ಯಾತ್ಮ. ನಾನಾಗಿದ್ದರೆ ಎರಡನೇ ವಾರವೇ ಕೋಲೆತ್ತಿ ಯಾರಿಗಾದರೂ ಒಂದು ಬಿಡುತ್ತಿದ್ದೆ.

ಕೆಲಸವೇನೋ ಸಣ್ಣದೇ. ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುವುದು, ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಚೆಂಡು ಅವರಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಎದುರಾಳಿಗೆ. ಆ ಹತ್ತು ಗಜವನ್ನು ಹೇಳುವುದು ಎರಡು ಕೋಲುಗಳ ನಡುವೆ ಕಟ್ಟಿದ ಹತ್ತು ಗಜದ ಸರಪಳಿ. ಸರಪಳಿ ಇರುವುದು ಮೈದಾನದ ಅಂಚಿನಲ್ಲಿ, ಚೆಂಡು ಇರುವುದು ನಡುವೆ. ಅನುಮಾನ ಬಂದಾಗ ಸರಪಳಿಯನ್ನು ನಡುವೆ ಒಯ್ದು ಹಾಸಬೇಕು, ಅದೂ ಒಂದು ಕೂದಲೆಳೆ ಆಚೀಚೆ ಆಗದಂತೆ. ಅದಕ್ಕೇ ಕ್ಲಿಪ್ಪು. ಮೈದಾನಕ್ಕೆ ಅಡ್ಡಲಾಗಿ ಐದೈದು ಗಜಕ್ಕೊಂದು ಬಿಳಿ ಗೆರೆ ಬಳಿದಿರುತ್ತದೆ. ಸರಪಳಿ ಆ ಗೆರೆಯನ್ನು ದಾಟುವ ಕಡೆ ಕ್ಲಿಪ್ಪು ಕಚ್ಚಿಸಿಟ್ಟರೆ, ನಡುವೆ ಒಯ್ದಾಗ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಸರಪಳಿ ಎಳೆದರಾಯಿತು. ಗೆರೆ ನಾಲ್ಕು ಇಂಚು ಅಗಲ. ಹಾಗಾಗಿ ಯಾವಾಗಲೂ ಹಿಂದಂಚು, ಅಂದರೆ ಹಿಂದಿನ ಕೋಲಿನ ಕಡೆಯ ಅಂಚು. ಬಗ್ಗು, ಹಿಂದಂಚು ನೋಡು, ಕಚ್ಚಿಸು, ಏಳು. ಮೂವತ್ತೊಂದು ವರ್ಷ ವರ್ಲಿನ್ ಮಾಡಿದ್ದು ಇಷ್ಟೇ.

ಹೊಟ್ಟೆಪಾಡಿಗೆ ಅವನು ಊರಿನ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದ. ಮೆಕ್ಕೆಜೋಳ, ಸೋಯಾ ತುಂಬಿಕೊಂಡು ಬಂದ ಲಾರಿಗಳು ಅವನ ಕಿಟಕಿಯ ಮುಂದೆ ನಿಲ್ಲಬೇಕು, ಅವನು ಹೂಂ ಅನ್ನಬೇಕು. ಅವನು ತೂಗಿದ್ದನ್ನು ಇನ್ನೊಂದು ಸಲ ತೂಗಿ ಎಂದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಮಾತ್ರ ಹೆಂಡತಿ ಆರ್ಡಿಸ್ ಆಡಿಕೊಳ್ಳುತ್ತಿದ್ದಳು. "ಕಾಫಿಗೆ ಸಕ್ಕರೆ ಹಾಕೋವಾಗ್ಲೂ ಚಮಚದ ಮೇಲೆ ಬೆರಳಾಡಿಸಿ ಸಮ ಮಾಡ್ತಾನೆ ಕಣ್ರೀ. ಮದುವೆ ಆಗೋ ಮುಂಚೆ ನನ್ನನ್ನೂ ತೂಗಿ ನೋಡಿದ್ನೇನೋ!"

ಹಾಲ್ಬರ್ಗ್ ಚಿಕ್ಕ ಕಾಲೇಜು. ಒಂಬೈನೂರು ಮಕ್ಕಳು, ಅದರಲ್ಲಿ ಐವತ್ತೆಂಟು ಜನ ಫುಟ್‌ಬಾಲಿನವರು. ಆಟಕ್ಕೆಂದು ಇಲ್ಲಿ ಯಾರಿಗೂ ಏನೂ ಸಿಗುವುದಿಲ್ಲ, ಆಡದೆ ಇರಲಾರದವರು ಆಡುತ್ತಾರೆ. ಕೋಚ್ ಬರ್ಗ್‌ಸ್ಟ್ರಾಮ್ ವಾರವೆಲ್ಲ ಇತಿಹಾಸದ ಪಾಠ ಹೇಳಿ, ಶುಕ್ರವಾರ ಸಂಜೆ ಮೈದಾನದ ಗೆರೆಗಳನ್ನು ತಾನೇ ಬಳಿಯುತ್ತಾನೆ. ದೂರದಿಂದ ಬಂದ ಹುಡುಗರಿಗೆ ಭಾನುವಾರದ ಊಟಕ್ಕೆ ಊರಿನಲ್ಲೊಂದು ಮನೆ ಗೊತ್ತುಮಾಡಿಕೊಡುವುದು ನಮ್ಮ ಚರ್ಚಿನವರು ನಡೆಸಿಕೊಂಡು ಬಂದ ಪದ್ಧತಿ. ಹಾಗೆ ವರ್ಲಿನ್ ಮನೆಗೆ ಗೊತ್ತಾದವನು ರಾಸ್ಕೊ ಪ್ರೂಯಿಟ್. ಟೆಕ್ಸಾಸ್‌ನವನು, ಚೆಂಡು ಹಿಡಿದು ಓಡುವವನು, ಭುಜ ಅಂದರೆ ಬಾಗಿಲಿನಷ್ಟು ಅಗಲ.

ಮೊದಲ ಭಾನುವಾರ ಆರ್ಡಿಸ್ ಆಲೂಗಡ್ಡೆ, ಮಾಂಸ ಎಲ್ಲ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಹಿಡಿದುಕೊಂಡು, "ಇನ್ನೊಂಚೂರು ಬಡಿಸ್ಲಾ?" ಎಂದಳು.

"ಬಡಿಸಿ ಮ್ಯಾಮ್" ಎಂದು ಹುಡುಗ ತಟ್ಟೆ ಚಾಚಿಬಿಟ್ಟ.

ಆರ್ಡಿಸ್ ಕೈ ಅಲ್ಲೇ ನಿಂತಿತು. ನಮ್ಮೂರಿನಲ್ಲಿ ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ. ಮೂರನೇ ಸಲ ಕೇಳಿದರೆ "ಸರಿ, ಒಂಚೂರು" ಅನ್ನಬೇಕು. ಮೂರನೇ ಸಲ ಕೇಳದೆ ಹೋದರೆ ಹಸಿದುಕೊಂಡು ಮನೆಗೆ ಹೋಗಬೇಕು, ಅಷ್ಟೇ. ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು! ವರ್ಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದು ಆರ್ಡಿಸ್ ಈಗಲೂ ಹೇಳುತ್ತಾಳೆ. ಆ ದಂಪತಿಗೆ ಮಕ್ಕಳಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ರಾಸ್ಕೊ ಮೂರು ಸಲದ ಲೆಕ್ಕ ಕಲಿತ, ವರ್ಲಿನ್ ಅವನನ್ನು ಪೂರಾ ಹಚ್ಚಿಕೊಂಡ.

ರಾಸ್ಕೊ ಬಂದ ಮೇಲೆ ಹಾಲ್ಬರ್ಗ್ ಒಂದು ಆಟವನ್ನೂ ಗೆದ್ದಿರಲಿಲ್ಲ. ಅವನ ತಪ್ಪಲ್ಲ ಪಾಪ, ಅವನೊಬ್ಬನೇ ಎಷ್ಟು ಓಡಿಯಾನು? ವರ್ಷಕ್ಕೆ ಹತ್ತು ಆಟ, ಮೂರು ವರ್ಷಕ್ಕೆ ಮೂವತ್ತು ಸೋಲು. ನಾಲ್ಕನೇ ವರ್ಷ, ಅವನ ಕೊನೆಯ ವರ್ಷ, ಸೆಪ್ಟೆಂಬರಿನ ಮೊದಲ ಆಟ ನಲವತ್ತೊಂದಕ್ಕೆ ಮೂರರ ಸೋಲು. ಎರಡನೆಯದಕ್ಕೆ ಆರು ಗಂಟೆ ಬಸ್ಸಿನಲ್ಲಿ ಹೋಗಿ, ಸೋತು, ಆರು ಗಂಟೆ ಬಸ್ಸಿನಲ್ಲಿ ವಾಪಸ್. ಅಕ್ಟೋಬರಿನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಶನಿವಾರ ಒಂದೇ ಅಂಕದಿಂದ ಸೋತರು, ಅದಂತೂ ಹೊಟ್ಟೆ ಉರಿಯುವಂಥ ಸೋಲು. ಸರಪಳಿಯ ಮುಂದಿನ ಕೋಲು ಹಿಡಿಯುವವನು ಆರಿನ್, ವರ್ಲಿನ್‌ನ ಬಾಲ್ಯದ ಗೆಳೆಯ, ಬಾಯಿ ಸ್ವಲ್ಪ ಜಾಸ್ತಿ.

"ನಿನ್ ಹುಡುಗ ಗೆಲ್ಲೋಷ್ಟರಲ್ಲಿ ನನ್ ಹಲ್ಲೆಲ್ಲ ಉದುರಿರುತ್ತೆ ಕಣೋ" ಎಂದ ಅವತ್ತು.

"ಈಗಿರೋವು ನಿನ್ ಹಲ್ಲೇನೋ?"

"ನನ್ ಬಾಯಲ್ಲಿವೆ ಅಂದ್ಮೇಲೆ ನನ್ವೇ!"

ಒಂಬತ್ತು ಆಟ ಹೀಗೇ ಹೋಯಿತು. ಉಳಿದದ್ದು ನವೆಂಬರಿನ ಒಂದೇ ಶನಿವಾರ, ನಮ್ಮ ಮೈದಾನದಲ್ಲೇ, ಮಾರ್ವಿಗ್ ಕಾಲೇಜಿನ ಮೇಲೆ. ವರ್ಲಿನ್‌ಗೂ ಅದೇ ಕೊನೆ. ಇನ್ನು ಬಗ್ಗಿ ಏಳುವುದು ಸಾಕು ಎಂದು ಮಂಡಿ ನೋಡಿದ ಡಾಕ್ಟರು ಹೇಳಿಯಾಗಿತ್ತು. ಅವನಿಗೆ ಬೇಕಾಗಿದ್ದು ಒಂದೇ: ತಾನು ಕ್ಲಿಪ್ಪು ಕೆಳಗಿಡುವ ಮೊದಲು, ರಾಸ್ಕೊ ಹಾಲ್ಬರ್ಗ್‌ನ ಅಂಗಿ ಕಳಚುವ ಮೊದಲು, ಒಂದು ಗೆಲುವು. ಆರ್ಡಿಸ್‌ಗೆ ಬಿಟ್ಟರೆ ಯಾರಿಗೂ ಇದನ್ನು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಅವತ್ತು ಬೆಳಗ್ಗೆಯಿಂದ ಹಿಮ ಸಣ್ಣಗೆ ಉದುರುತ್ತಿತ್ತು. ಮಾರ್ವಿಗ್‌ನವರೂ ಹೇಳಿಕೊಳ್ಳುವಂಥವರಲ್ಲ, ಹಾಗಾಗಿ ಆಟ ಸಮಸಮ ನಡೆಯಿತು. ಕೊನೆಯ ನಾಲ್ಕು ನಿಮಿಷ ಉಳಿದಿದ್ದಾಗ ಹಾಲ್ಬರ್ಗ್ ಹದಿನಾಲ್ಕು, ಮಾರ್ವಿಗ್ ಹನ್ನೆರಡು. ಚೆಂಡು ನಮ್ಮವರ ಕೈಯಲ್ಲಿ. ರಾಸ್ಕೊ ಚೆಂಡು ತಬ್ಬಿಕೊಂಡು ಓಡಿದ, ಮೈದಾನದ ನಡುಗೆರೆ ದಾಟಿದ, ಮಾರ್ವಿಗ್‌ನ ಇಬ್ಬರು ಧಡಿಯರು ಅವನನ್ನು ಎರಡೂ ಕಡೆಯಿಂದ ಗುದ್ದಿ ಕೆಡವಿದರು. ಬೇಕಾದ ಗಜಗಳೇನೋ ಸಿಕ್ಕವು, ಮತ್ತೆ ನಾಲ್ಕು ಅವಕಾಶ. ರಾಸ್ಕೊ ಮಾತ್ರ ಮೇಲೇಳಲಿಲ್ಲ.

ಸರಪಳಿ ಹೊಸ ಜಾಗಕ್ಕೆ ಬಂತು. ವರ್ಲಿನ್ ಕೈಗವಸು ಕಳಚಿ ಪಕ್ಕಕ್ಕೆ ಹಾಕಿ, ಮಂಡಿಯೂರಿ, ಬರಿಗೈಯಿಂದ ಗೆರೆಯ ಮೇಲಿನ ಹಿಮ ಸವರಿದ. ಕಣ್ಣು ಮಾತ್ರ ಮೈದಾನದ ನಡುವೆ. ಏಳೋ, ಏಳೋ ಮಗನೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತ ಕ್ಲಿಪ್ಪು ಕಚ್ಚಿಸಿದ. ಅಷ್ಟರಲ್ಲಿ ರಾಸ್ಕೊ ಒಂದು ಮಂಡಿ ಊರಿ, ಆಮೇಲೆ ಎರಡೂ ಕಾಲ ಮೇಲೆ ನಿಂತ. ವರ್ಲಿನ್‌ಗೆ ಹೋದ ಉಸಿರು ಬಂದಂತಾಯಿತು. ಕೈಗವಸು ಅಲ್ಲೇ ಮರೆತು ಅವನೂ ಎದ್ದ.

ಮೂರು ಅವಕಾಶದಲ್ಲಿ ಒಂಬತ್ತು ಗಜ ಮತ್ತು ಸ್ವಲ್ಪ. ನಾಲ್ಕನೆಯದಕ್ಕೆ ಒಂದು ಗಜಕ್ಕೂ ಕಡಿಮೆ ಬಾಕಿ, ಗಡಿಯಾರದಲ್ಲಿ ಎರಡು ನಿಮಿಷ. ಸಿಕ್ಕರೆ ಚೆಂಡು ಹಿಡಿದುಕೊಂಡೇ ಹೊತ್ತು ಕಳೆದು ಗೆಲ್ಲಬಹುದು. ಸಿಗದಿದ್ದರೆ ಚೆಂಡು ಮಾರ್ವಿಗ್‌ಗೆ. ಕೋಚ್ ಬರ್ಗ್‌ಸ್ಟ್ರಾಮ್ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಆಡಿಬಿಡಿ ಎಂದು ಕೈ ಮಾಡಿದ. ರಾಸ್ಕೊ ತಲೆ ತಗ್ಗಿಸಿ ಆ ಗುಂಪಿನೊಳಗೆ ನುಗ್ಗಿದ. ಒಬ್ಬರ ಮೇಲೊಬ್ಬರು ಇಪ್ಪತ್ತು ಜನ ಬಿದ್ದರು. ಅವರನ್ನೆಲ್ಲ ಎಬ್ಬಿಸಿ ನೋಡಿದಾಗ ಚೆಂಡು ಕೋಲಿನ ನೇರದಲ್ಲೇ ಇದ್ದಂತೆ ಕಂಡಿತು. ರೆಫರಿ ಸರಪಳಿ ತರಿಸಿದ.

"ಯಾವ ಗೆರೆ ವರ್ಲಿನ್?"

"ನಲವತ್ತೈದು. ಹಿಂದಂಚು."

ಮೂವತ್ತೊಂದು ವರ್ಷ ಹೇಳಿದ ಮಾತು, ಬಾಯಿ ತಾನಾಗೇ ಹೇಳಿತು. ರೆಫರಿ ಕ್ಲಿಪ್ಪನ್ನು ನಲವತ್ತೈದರ ಗೆರೆಯ ಹಿಂದಂಚಿಗಿಟ್ಟ, ಆರಿನ್ ಸರಪಳಿ ಬಿಗಿಯಾಗಿ ಎಳೆದ. ಚೆಂಡಿನ ಮೂತಿ ಕೋಲಿಗಿಂತ ಎರಡು ಬೆರಳು ಮುಂದಿತ್ತು. ಅಬ್ಬಾ, ಆ ಕೂಗು! ಊರ ಹೊರಗಿನ ಗೋದಾಮಿನ ತನಕ ಕೇಳಿಸಿತಂತೆ. ಬೆಂಚಿನ ಮೇಲಿದ್ದ ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ರಾಸ್ಕೊ ಎರಡೂ ಕೈ ಮೇಲೆತ್ತಿ ಆಕಾಶ ನೋಡುತ್ತ ನಿಂತಿದ್ದ. ವರ್ಲಿನ್ ಕ್ಲಿಪ್ಪು ಬಿಚ್ಚದೆಯೇ ಸರಪಳಿ ಹಿಡಿದು ಅಂಚಿಗೆ ವಾಪಸು ಬಂದ, ತನ್ನ ಕೈಗವಸು ಎತ್ತಿಕೊಳ್ಳಲು ಬಗ್ಗಿದ.

ಬಗ್ಗಿದವನು ಗೆರೆಯನ್ನೇ ನೋಡಿದ. ಗೆರೆಯ ಮೇಲಿನ ಹಿಮವನ್ನು ಅವನ ಕೈ ಅರ್ಧಕ್ಕೆ ಮಾತ್ರ ಸವರಿತ್ತು. ಮುಂದಂಚು ಬಯಲಾಗಿ ಕಾಣುತ್ತಿತ್ತು. ಹಿಂದಂಚಿನ ಮೇಲೆ ಹಿಮ ಹಾಗೇ ಕೂತಿತ್ತು, ಯಾರೂ ಮುಟ್ಟಿರಲಿಲ್ಲ. ಅಂದರೆ ಅವನು ಕ್ಲಿಪ್ಪು ಕಚ್ಚಿಸಿದ್ದು ಮುಂದಂಚಿಗೆ, ರೆಫರಿ ನಡುವೆ ಇಟ್ಟದ್ದು ಹಿಂದಂಚಿಗೆ. ಇಡೀ ಸರಪಳಿ ನಾಲ್ಕು ಇಂಚು ಹಿಂದೆ ಸರಿದಿತ್ತು, ಕೋಲು ನಾಲ್ಕು ಇಂಚು ಹತ್ತಿರ ಬಂದಿತ್ತು. ನಾಲ್ಕು ಇಂಚೆಂದರೆ ಐದು ಬೆರಳು, ಹುಡುಗ ಗೆದ್ದದ್ದು ಎರಡು ಬೆರಳಿನಿಂದ.

"ಬಾರೋ, ಅಲ್ಲೇನ್ ಮಾಡ್ತಿದ್ದೀಯ? ಸರಪಳಿ ಮುಂದಕ್ಕೆ ಹೋಗ್ಬೇಕು!" ಆರಿನ್ ಕರೆದ.

ಇನ್ನೊಂದು ಸಲ ಚೆಂಡು ಆಟಕ್ಕೆ ಬಂದರೆ ಮುಗಿಯಿತು, ಆಮೇಲೆ ಯಾರೂ ಏನೂ ತಿದ್ದುವಂತಿಲ್ಲ. ಆ ಹಿಮದ ಮೇಲೆ ಒಂದು ಸಲ ಕಾಲಾಡಿಸಿದರೆ ಗುರುತೂ ಉಳಿಯುವುದಿಲ್ಲ. ವರ್ಲಿನ್ ಬೂಟು ಎತ್ತಿದ್ದೂ ನಿಜ. ಇದನ್ನು ಅವನೇ ನನಗೆ ಹೇಳಿದ್ದು, ಇಲ್ಲದಿದ್ದರೆ ನಾನು ನಂಬುತ್ತಿರಲಿಲ್ಲ. ಎತ್ತಿದ ಬೂಟನ್ನು ಆ ಗುರುತಿನ ಪಕ್ಕದಲ್ಲಿ ಮೆಲ್ಲಗೆ ಇಳಿಸಿ, ಕೈ ಮೇಲೆ ಮಾಡಿ, ರೆಫರಿಯನ್ನು ಕೂಗಿದ.

"ಕ್ಲಿಪ್ಪು ಮುಂದಂಚಿಗೆ ಹಾಕ್ಬಿಟ್ಟಿದ್ದೆ. ಹಿಂದಂಚು ಅಂತ ಹೇಳ್ದೆ. ತಪ್ಪು ನಂದು."

ರೆಫರಿ ಅವನ ಮುಖ ನೋಡಿದ, ಗದ್ದಲ ಮಾಡುತ್ತಿದ್ದ ಜನರನ್ನು ನೋಡಿದ. "ಖಂಡಿತಾನಾ?"

"ಇಲ್ಲಿ ನೋಡಿ, ಹಿಮ ಹಾಗೇ ಇದೆ."

"ನಾನು ನೋಡ್ಬೇಕಾಗಿಲ್ಲ. ನೀವು ಹೇಳಿದ್ರೆ ಸಾಕು."

ಮತ್ತೆ ಅಳೆದರು, ಈ ಸಲ ಮುಂದಂಚಿನಿಂದ. ಮೂರು ಬೆರಳು ಕಡಿಮೆ.

ಜನರ ಮೆಟ್ಟಿಲುಗಳ ಮೇಲಿನಿಂದ ಯಾರೋ ಒಬ್ಬ "ಯಾರ ಕಡೆಯವನೋ ನೀನು?" ಎಂದು ಕೂಗಿದ. ಮಿಕ್ಕವರು ಕೂಗಲೂ ಇಲ್ಲ, ಅದು ಇನ್ನೂ ಕೆಟ್ಟದ್ದು. ವರ್ಲಿನ್ ಪಕ್ಕದಲ್ಲಿ ನಿಂತಿದ್ದ ಮಾರ್ವಿಗ್‌ನ ಒಬ್ಬ ಹುಡುಗ ತಲೆ ಬಗ್ಗಿಸಿ "ಥ್ಯಾಂಕ್ಸ್ ತಾತ" ಎಂದ. ಮೂವತ್ತೊಂದು ವರ್ಷದ ಬೈಗುಳವೆಲ್ಲ ಸೇರಿದರೂ ಅಷ್ಟು ಚುಚ್ಚಿರಲಿಕ್ಕಿಲ್ಲ. ಮಾರ್ವಿಗ್‌ನವರು ಎರಡು ನಿಮಿಷದಲ್ಲಿ ನಲವತ್ತು ಗಜ ಬಂದರು, ಕೊನೆಯ ಕ್ಷಣದಲ್ಲಿ ಒದ್ದ ಚೆಂಡು ಕಂಬದ ಅಡ್ಡಪಟ್ಟಿಯನ್ನು ಸವರಿಕೊಂಡು ಆಚೆ ಬಿತ್ತು, ಅದಕ್ಕೆ ಮೂರು ಅಂಕ. ಹದಿನೈದಕ್ಕೆ ಹದಿನಾಲ್ಕು. ರಾಸ್ಕೊ ಶಿರಸ್ತ್ರಾಣ ಮಡಿಲಲ್ಲಿಟ್ಟುಕೊಂಡು ಹಿಮದ ಮೇಲೆ ಕೂತಿದ್ದ. ಈ ಕಡೆ ತಿರುಗಿಯೂ ನೋಡಲಿಲ್ಲ.

ಆರಿನ್ ಸರಪಳಿ ಸುತ್ತಿಟ್ಟ. ಆಮೇಲೆ, "ಒಂದು ಮಾತು ಹೇಳ್ಲಾ? ನಾನಾಗಿದ್ರೆ ಆ ಕೈಗವಸು ಅಲ್ಲೇ ಬಿಟ್ಟು ಬರ್ತಿದ್ದೆ" ಎಂದ.

"ನಂಗೂ ಹಾಗೇ ಅನ್ನಿಸ್ತಿದೆ ಕಣೋ" ಎಂದ ವರ್ಲಿನ್.

ಮರುದಿನ ಚರ್ಚಿನಲ್ಲಿ ಜನ ಕೈ ಕುಲುಕಿದರು, ಹವಾಮಾನದ ವಿಷಯ ಮಾತಾಡಿದರು. ನಮ್ಮೂರಿನವರು ಸಿಟ್ಟು ಬಂದಾಗಲೇ ಹವಾಮಾನದ ಬಗ್ಗೆ ಹೆಚ್ಚು ಮಾತಾಡುವುದು. ಮನೆಗೆ ಬಂದ ಮೇಲೆ ವರ್ಲಿನ್ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಬರ್ತಾನೆ ಅಂತೀಯಾ?" ಎಂದ.

"ಗೊತ್ತಿಲ್ಲಪ್ಪ" ಎಂದಳು ಆರ್ಡಿಸ್. ಆದರೆ ಆಲೂಗಡ್ಡೆ ಮೂರು ಜನಕ್ಕೇ ಸುಲಿದಳು.

ಹನ್ನೆರಡೂವರೆಗೆ ಬರಬೇಕಾದವನು ಒಂದು ಗಂಟೆಯಾದರೂ ಬರಲಿಲ್ಲ. ತಟ್ಟೆಗಳು ಹಾಗೇ ಇದ್ದವು. ಒಂದೂಕಾಲಿಗೆ ಮೆಟ್ಟಿಲ ಮೇಲೆ ಬೂಟು ಕೊಡವುವ ಸದ್ದಾಯಿತು. ರಾಸ್ಕೊ ಒಳಗೆ ಬಂದ, ಒಂದು ಕಣ್ಣಿನ ಕೆಳಗೆ ಊದಿಕೊಂಡಿತ್ತು. "ಲೇಟಾಯ್ತು ಮ್ಯಾಮ್" ಎಂದು ಕೂತು, ತಟ್ಟೆ ನೋಡಿಕೊಂಡು ಉಣ್ಣತೊಡಗಿದ. ತಟ್ಟೆ ಖಾಲಿಯಾದಾಗ ಆರ್ಡಿಸ್ ಕೇಳಿದಳು.

"ಇನ್ನೊಂಚೂರು ಹಾಕ್ಲಾ?"

"ಬೇಡ ಮ್ಯಾಮ್."

"ಒಂಚೂರು ಹಾಕಿಸ್ಕೊಳೋ."

"ಬೇಡ, ಸಾಕು."

ಆರ್ಡಿಸ್ ಮೂರನೇ ಸಲ ಕೇಳಲಿಲ್ಲ. ಪಾತ್ರೆಯನ್ನು ಗಂಡನ ಮುಂದೆ ಇಟ್ಟು, ಕಾಫಿ ನೋಡಿ ಬರ್ತೀನಿ ಎಂದು ಒಳಗೆ ಹೋದಳು. ಬಹಳ ಜಾಣೆ ಅವಳು. ವರ್ಲಿನ್ ತನ್ನ ಜೀವಮಾನದಲ್ಲಿ ಯಾರಿಗೂ ಬಡಿಸಿದವನಲ್ಲ. ಚಮಚ ಕೈಗೆತ್ತಿಕೊಂಡು ಕೂತ.

"ನೀವು ಸುಮ್ನಿದ್ಬಿಡ್ಬಹುದಿತ್ತು ಸರ್" ಎಂದ ರಾಸ್ಕೊ, ತಟ್ಟೆಯಿಂದ ತಲೆಯೆತ್ತದೆ.

"ಬಹುದಿತ್ತು."

"ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಇಲ್ಲ."

"ನಾಲ್ಕು ವರ್ಷ ಸರ್. ಒಂದೇ ಒಂದ್ಸಲ..." ಹುಡುಗ ಫೋರ್ಕು ಕೆಳಗಿಟ್ಟ. "ನಂಗೆ ನಿಮ್ಮೇಲೆ ತುಂಬಾ ಸಿಟ್ಟಿದೆ."

"ಇರ್ಲಿ. ಇರ್ಬೇಕಾದ್ದೇ." ವರ್ಲಿನ್ ಚಮಚವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಇಷ್ಟು ವರ್ಷದಲ್ಲಿ ನಾನು ಅಂಚು ತಪ್ಪಿದ್ದು ಅದೊಂದೇ ಸಲ. ನೀನು ಬಿದ್ದಿದ್ದೆ. ಏಳ್ತೀಯೋ ಇಲ್ವೋ ಅಂತ ನಿನ್ನೇ ನೋಡ್ತಿದ್ದೆ. ಕೈ ಎಲ್ಲಿದೆ ಅನ್ನೋದು ಗೊತ್ತಾಗ್ಲಿಲ್ಲ."

ರಾಸ್ಕೊ ಆಗ ತಲೆಯೆತ್ತಿದ. ಗೋಡೆ ಗಡಿಯಾರ ಒಂದೂವರೆ ಹೊಡೆಯಿತು. ಒಳಗೆ ಕಾಫಿ ನೋಡುತ್ತೇನೆಂದವಳ ಸದ್ದೇ ಇರಲಿಲ್ಲ.

"ಇನ್ನೊಂಚೂರು ಹಾಕ್ಲಾ?" ಎಂದ ವರ್ಲಿನ್.

ರಾಸ್ಕೊ ಅವನನ್ನೇ ನೋಡುತ್ತ ತಟ್ಟೆ ಮುಂದೆ ತಳ್ಳಿದ. "ಸರಿ. ಒಂಚೂರು."

ವರ್ಲಿನ್ ತಟ್ಟೆ ತುಂಬ ಬಡಿಸಿದ, ಅರ್ಧ ಮೇಜಿನ ಮೇಲೆ ಚೆಲ್ಲಿದ. ಸಿಟ್ಟು ಅವತ್ತೇ ಹೋಯಿತು ಅಂತ ನಾನು ಹೇಳುವುದಿಲ್ಲ. ಚಳಿಗಾಲ ಪೂರ್ತಿ ಆ ಮನೆಯಲ್ಲಿ ಫುಟ್‌ಬಾಲಿನ ಸುದ್ದಿ ಬರಲಿಲ್ಲ. ವರ್ಲಿನ್ ಮನೆಗೆ ತಂದ ಕ್ಲಿಪ್ಪು ಅಡಿಗೆಮನೆಯ ಮೊಳೆಗೆ ತೂಗುಬಿದ್ದಿತ್ತು. ಮೇ ತಿಂಗಳಲ್ಲಿ ರಾಸ್ಕೊನ ಓದು ಮುಗಿಯಿತು, ನಮ್ಮೂರಿನ ಶಾಲೆಯಲ್ಲೇ ಮೇಷ್ಟ್ರ ಕೆಲಸ ಸಿಕ್ಕಿತು. ಅದನ್ನು ಹೇಳಲು ಬಂದ ಭಾನುವಾರ ಅವನು ಕಾಫಿ ಕುಡಿದು ಎದ್ದು, ಮೊಳೆಯಿಂದ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟ. ಕೇಳಲೂ ಇಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಸೆಪ್ಟೆಂಬರಿನ ಮೊದಲ ಶನಿವಾರ ವರ್ಲಿನ್ ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ ಊರಿನವರ ಜೊತೆ ಮೆಟ್ಟಿಲ ಮೇಲೆ ಕೂತು ಆಟ ನೋಡಿದ. ಅವತ್ತು ಹಾಲ್ಬರ್ಗ್ ಗೆದ್ದಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಗಮನ ಅದರ ಕಡೆಗೇ ಇರುತ್ತದೆ. ನಾನು ಹೇಳಹೊರಟದ್ದು ಆಟದ ಎರಡನೇ ಅರ್ಧದಲ್ಲಿ ನಡೆದದ್ದು. ನಮ್ಮವರ ಚೆಂಡು ಕೋಲಿನ ಹತ್ತಿರ ಬಂದು ನಿಂತಿತು, ರೆಫರಿ ಸರಪಳಿ ತರಿಸಿದ. ಆಚೆ ಬದಿಯಲ್ಲಿ, ಎದುರಾಳಿ ಹುಡುಗರ ಮಗ್ಗುಲಲ್ಲಿ, ಕಿತ್ತಳೆ ಮೇಲಂಗಿ ಹಿಗ್ಗಿಸಿಕೊಂಡು ನಿಂತಿದ್ದ ಅಗಲ ಭುಜದವನು ಮಂಡಿಯೂರಿದ. ಕ್ಲಿಪ್ಪಿನ ಮೇಲೆ ಹೆಬ್ಬೆರಳಿಟ್ಟು, ಗೆರೆಯ ಅಂಚನ್ನು ಬೆರಳಿನಿಂದ ಸವರಿ ನೋಡಿದ. ಒಂದು ಸಲ ನೋಡಿ ಸಾಲದೆ ಇನ್ನೊಂದು ಸಲ ನೋಡಿದ. ಆಮೇಲೆ ಎದ್ದು, ಮುಖದಲ್ಲಿ ಏನೂ ತೋರಿಸದೆ, ಸರಪಳಿ ಹಿಡಿದು ನಡುವೆ ಬಂದ.

ಒಂದು ಗೇಣು ಕಡಿಮೆ. ಚೆಂಡು ಎದುರಾಳಿಗೆ ಹೋಯಿತು. ಜನರೆಲ್ಲ ಅಯ್ಯೋ ಎಂದು ಕೈ ಚೆಲ್ಲಿದರು.

ಆ ಅಯ್ಯೋಗಳ ನಡುವೆ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಅಭ್ಯಾಸವಿಲ್ಲದ ಕೈ, ಒಂದಕ್ಕೊಂದು ಸರಿಯಾಗಿ ಕೂಡುತ್ತಲೂ ಇರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಆರ್ಡಿಸ್ ಮೊಣಕೈಯಿಂದ ತಿವಿದಳು.

"ಏಯ್, ಏನ್ ಮಾಡ್ತಿದ್ದೀಯ? ನಮ್ಮವರ ಕೈಯಿಂದ ಚೆಂಡು ಹೋಯ್ತು! ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡೇ" ಎಂದ ವರ್ಲಿನ್, ತಟ್ಟುವುದನ್ನು ನಿಲ್ಲಿಸಲಿಲ್ಲ.